ಊರ ವರ್ತಮಾನವನ್ನು ಊರಿನವರೂ ಬರೆಯಲಿ, ಪತ್ರಿಕೆ ಅವರ ಜೊತೆಗಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಈ ವರ್ಷದ ಪತ್ರಿಕಾ ದಿನಾಚರಣೆಯ ವಾರದಲ್ಲಿ, ಮಾಧ್ಯಮಗಳ ಮೇಲೆ ಜನರಿಗಿದ್ದ ನಂಬಿಕೆ ಕುಂದುತ್ತಿರುವುದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹಗಳನ್ನೆಲ್ಲ ಓದಿದೆ. ಟಿ.ವಿ. ವಾಹಿನಿಗಳ ಅಬ್ಬರ, ಮಾಲೀಕರ ಹಿತಾಸಕ್ತಿ, ರಾಜಕೀಯದ ಒತ್ತಡ ಎಲ್ಲವೂ ಅಲ್ಲಿ ಚರ್ಚೆಯಾಗಿವೆ. ಆದರೆ ಈ ನಂಬಿಕೆ ಮೊದಲು ಸವೆದದ್ದು ಎಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣಲಿಲ್ಲ. ನನ್ನ ಅನುಭವದಲ್ಲಿ ಅದು ಸವೆದದ್ದು ಹಳ್ಳಿಯಲ್ಲಿ ಮತ್ತು ತಾಲೂಕಿನಲ್ಲಿ. ತನ್ನ ಊರಿನ ಸುದ್ದಿಯನ್ನು ಪತ್ರಿಕೆಗೆ ಮುಟ್ಟಿಸುತ್ತಿದ್ದ ಓದುಗನಿಗೂ ಅದನ್ನು ತಿದ್ದಿ, ಪರಿಶೀಲಿಸಿ ಅಚ್ಚಿಗೆ ಕಳಿಸುತ್ತಿದ್ದ ಪತ್ರಕರ್ತನಿಗೂ ನಡುವೆ ಇದ್ದ ಹೋಗಿಬರುವ ದಾರಿ ಮುಚ್ಚಿಹೋದಾಗ. ಆ ದಾರಿಯನ್ನು ಮತ್ತೆ ತೆರೆಯಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದೆ, ದಯವಿಟ್ಟು ಪೂರ್ತಿ ಓದಬೇಕು.

ನಾವು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು 1843ರ ಆ ದಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ 'ಮಂಗಳೂರ ಸಮಾಚಾರ'ದ ನೆನಪಿಗಾಗಿ. ನಾಲ್ಕು ಪುಟಗಳ ಆ ಪಾಕ್ಷಿಕದಲ್ಲಿ ಸರ್ಕಾರದ ನಿರೂಪಗಳಿದ್ದವು, ಬೇರೆ ರಾಜ್ಯಗಳ ಸುದ್ದಿಯಿತ್ತು, ಜೊತೆಗೆ ಊರ ವರ್ತಮಾನವೆಂಬ ಅಂಕಣವೂ ಇತ್ತು. ಕನ್ನಡದ ಮೊದಲ ಪತ್ರಿಕೆಯಲ್ಲೇ ಊರಿಗೆ ಜಾಗವಿತ್ತು ಎಂಬುದನ್ನು ದಿನಾಚರಣೆಯ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಹೇಳಬೇಕಾದ ಮಾತು ಅದೇ ಎಂದು ನನಗೆ ತೋರುತ್ತದೆ.

ನಾನು ಸುಳ್ಯ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಶಿಕ್ಷಕನಾಗಿದ್ದವನು. ಶಾಲೆಯ ಕೆಲಸದ ಜೊತೆಗೆ ಹದಿನಾಲ್ಕು ವರ್ಷ ಒಂದು ದಿನಪತ್ರಿಕೆಗೆ ಊರಿನ ಸುದ್ದಿಯನ್ನು ಬರೆದು ಕಳಿಸುತ್ತಿದ್ದೆ. ಆಗ ನಮ್ಮ ಕಡೆಯ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಸಂಜೆಯ ಬಸ್ಸಿನ ಚಾಲಕರ ಕೈಗೆ ಲಕೋಟೆ ಕೊಟ್ಟರೆ ಅದು ರಾತ್ರಿಯೊಳಗೆ ಪತ್ರಿಕೆಯ ಕಚೇರಿಗೆ ಮುಟ್ಟುತ್ತಿತ್ತು. ನಾನು ಮೊದಲು ಬರೆದ ವರದಿ ನಮ್ಮ ತೋಡಿನ (ಸಣ್ಣ ಹಳ್ಳದ) ಮೇಲಿದ್ದ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಕೊಚ್ಚಿಹೋದ ಬಗ್ಗೆ. ಜನರು ತೀವ್ರ ಸಂಕಷ್ಟಕ್ಕೆ ಒಳಗಾಗಿದ್ದಾರೆ, ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು ಎಂದು ಎರಡು ಪುಟ ತುಂಬಿಸಿದ್ದೆ. ಅದು ಪ್ರಕಟವಾಗಲಿಲ್ಲ. ನಾಲ್ಕನೆಯ ದಿನ ಅದೇ ಹಾಳೆಗಳು ಅದೇ ಬಸ್ಸಿನಲ್ಲಿ ವಾಪಸು ಬಂದವು, ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆಗಳೊಡನೆ: ತೋಡಿನ ಆಚೆ ಎಷ್ಟು ಮನೆಗಳಿವೆ? ಶಾಲೆಗೆ ಬರುವ ಮಕ್ಕಳೆಷ್ಟು? ಸುತ್ತಿ ಬರಬೇಕಾದರೆ ಎಷ್ಟು ದೂರ? ಸಂಕ ಕಟ್ಟಿದ್ದು ಯಾರು, ಯಾವ ವರ್ಷ? ಪಂಚಾಯತ್ ಅಧ್ಯಕ್ಷರನ್ನು ಕೇಳಿದಿರಾ?

ಆ ಪ್ರಶ್ನೆಗಳನ್ನು ಹಿಡಿದುಕೊಂಡು ಮಳೆಯಲ್ಲಿ ಮನೆಮನೆಗೆ ಹೋದ ಆ ಶನಿವಾರವನ್ನು ನಾನು ಮರೆತಿಲ್ಲ. ನನ್ನದೇ ಊರಿನಲ್ಲಿ ತೋಡಿನಾಚೆ ಹನ್ನೊಂದು ಮನೆಗಳಿವೆಯೆಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಹೊಸದಾಗಿ ಬರೆದ ವರದಿ ಹದಿನೈದು ಸಾಲಿನಲ್ಲಿ ಪ್ರಕಟವಾಯಿತು, ಮುಂದಿನ ಬೇಸಿಗೆಯಲ್ಲಿ ಸಂಕ ಕಟ್ಟಿದರು. ಸಂಕ ಆ ವರದಿಯಿಂದಲೇ ಆಯಿತೆಂದು ನಾನು ಹೇಳಲಾರೆ. ಆದರೆ ಎಂದೂ ಮುಖ ನೋಡದ ಆ ಉಪಸಂಪಾದಕರು ಒಬ್ಬ ಹಳ್ಳಿಯ ಮೇಷ್ಟರಿಗೆ ತನ್ನ ಊರನ್ನು ನೋಡುವುದನ್ನು ಕಲಿಸಿದರು ಎಂಬುದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಸಮುದಾಯ ಪತ್ರಿಕೋದ್ಯಮವೆಂದು ಈಗ ಕರೆಯುವ ಕೆಲಸದ ತಿರುಳು ನನ್ನ ಪಾಲಿಗೆ ಆ ವಾಪಸು ಬಂದ ಹಾಳೆಗಳಲ್ಲಿದೆ. ಜನರಿಂದ ಸುದ್ದಿ ತರಿಸಿಕೊಳ್ಳುವುದು ಅದರ ಅರ್ಧ ಭಾಗ ಮಾತ್ರ. ಪ್ರಶ್ನೆ ಕೇಳಿ ಅವರಿಗೆ ಮರಳಿ ಬರೆಯುವುದು ಇನ್ನರ್ಧ.

ಈಗ ಅಂಚಿನಲ್ಲಿ ಪ್ರಶ್ನೆ ಬರೆಯುವವರೂ ಇಲ್ಲ, ವಾಪಸು ಬರುವ ಹಾಳೆಯೂ ಇಲ್ಲ. ಜಿಲ್ಲೆಯ ಪುಟಗಳಲ್ಲಿ ಸಭೆ ಸಮಾರಂಭಗಳ ಚಿತ್ರಗಳು, ಪತ್ರಿಕಾಗೋಷ್ಠಿಯ ಹೇಳಿಕೆಗಳು, ನಾಯಕರ ಹುಟ್ಟುಹಬ್ಬದ ಪುರವಣಿಗಳು ತುಂಬಿರುತ್ತವೆ. ಇದಕ್ಕಾಗಿ ತಾಲೂಕು ವರದಿಗಾರರನ್ನು ದೂರುವುದು ಅನ್ಯಾಯ. ಅವರಲ್ಲಿ ಅನೇಕರಿಗೆ ಸಂಬಳವಿಲ್ಲ, ಪ್ರಕಟವಾದ ಸುದ್ದಿಯ ಲೆಕ್ಕದಲ್ಲಿ ಸಂಭಾವನೆ. ಎಷ್ಟೋ ಕಡೆ ಪತ್ರಿಕೆಯ ಏಜೆನ್ಸಿಯೂ ಅವರದೇ, ಪುರವಣಿಗೆ ಜಾಹೀರಾತು ಒಟ್ಟುಮಾಡುವ ಹೊಣೆಯೂ ಅವರದೇ. ಬೆಳಿಗ್ಗೆ ಯಾವ ಗುತ್ತಿಗೆದಾರರ ಬಳಿ ಶುಭಾಶಯದ ಜಾಹೀರಾತು ಕೇಳಲು ಹೋಗಬೇಕೋ, ಮಧ್ಯಾಹ್ನ ಅದೇ ಗುತ್ತಿಗೆದಾರರು ಹಾಕಿದ ಡಾಂಬರು ಒಂದೇ ಮಳೆಗೆ ಎದ್ದುಹೋದದ್ದನ್ನು ಬರೆಯುವ ಧೈರ್ಯವನ್ನು ನಾವು ಆ ಒಬ್ಬ ಮನುಷ್ಯನಿಂದ ಹೇಗೆ ನಿರೀಕ್ಷಿಸುವುದು? ಜಾಹೀರಾತು ತರುವ ಕೆಲಸವನ್ನೂ ಸುದ್ದಿ ಬರೆಯುವ ಕೆಲಸವನ್ನೂ ಒಬ್ಬರ ತಲೆಯ ಮೇಲೆ ಹೊರಿಸುವುದನ್ನು ಪತ್ರಿಕೆಗಳು ನಿಲ್ಲಿಸದ ಹೊರತು ಈ ಪತ್ರದಲ್ಲಿ ನಾನು ಕೇಳುತ್ತಿರುವ ಉಳಿದ ಯಾವುದೂ ಫಲ ಕೊಡಲಾರದು.

ಒಂದು ತಾಲೂಕಿನಲ್ಲಿ ಇಪ್ಪತ್ತು ಮೂವತ್ತು ಗ್ರಾಮ ಪಂಚಾಯತ್‌ಗಳಿರುತ್ತವೆ. ರಾಜ್ಯದಲ್ಲಿ ಅವುಗಳ ಸಂಖ್ಯೆ ಸುಮಾರು 6,000. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ವರ್ಷಕ್ಕೊಮ್ಮೆ ಜಮಾಬಂದಿಯಾಗಿ ಲೆಕ್ಕವನ್ನು ಜನರ ಮುಂದೆ ಇಡಬೇಕು. ಉದ್ಯೋಗ ಖಾತರಿಯ ಕಾಮಗಾರಿಗಳಿಗೆ ಸಾಮಾಜಿಕ ಪರಿಶೋಧನೆಯ, ಅಂದರೆ ಕೆಲಸವನ್ನೂ ಲೆಕ್ಕವನ್ನೂ ಊರಿನವರ ಮುಂದೆಯೇ ಪರಿಶೀಲಿಸುವ ಏರ್ಪಾಡಾಗಿತ್ತು. ಹಳ್ಳಿಯ ಮಟ್ಟಿಗೆ ಇವು ವಿಧಾನಸಭೆಯ ಅಧಿವೇಶನಕ್ಕಿಂತ ಕಡಿಮೆಯವಲ್ಲ, ಏಕೆಂದರೆ ನೀರಿನ ಟ್ಯಾಂಕು ಎಲ್ಲಿ ಬರಬೇಕು, ಮನೆ ಯಾರಿಗೆ ಮಂಜೂರಾಗಬೇಕು ಎಂಬುದು ತೀರ್ಮಾನವಾಗುವುದು ಅಲ್ಲಿ. ಪೇಟೆಯಲ್ಲಿ ಕುಳಿತ ಒಬ್ಬ ವರದಿಗಾರ ಇಷ್ಟೆಲ್ಲ ಸಭೆಗಳಿಗೆ ಹೋಗುವುದು ಅಸಾಧ್ಯ. ಆದರೆ ಪ್ರತಿಯೊಂದು ಸಭೆಯಲ್ಲಿಯೂ ಊರಿನವರು ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬಿಬ್ಬರಿಗೆ ಟಿಪ್ಪಣಿ ಮಾಡಿಕೊಳ್ಳುವುದು, ಎರಡೂ ಕಡೆಯವರನ್ನು ಮಾತನಾಡಿಸುವುದು, ಠರಾವಿನ ಪ್ರತಿಯನ್ನು ಅರ್ಜಿ ಹಾಕಿ ಪಡೆಯುವುದು ಗೊತ್ತಿದ್ದರೆ ಪತ್ರಿಕೆಗೆ ಪ್ರತಿ ಪಂಚಾಯತ್‌ನಲ್ಲಿಯೂ ಕಣ್ಣಿದ್ದಂತೆ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಿದೆ, ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಈ ಸಾಧನ ಪತ್ರಕರ್ತರಿಗೆ ಎಷ್ಟೋ ನಾಗರಿಕರಿಗೂ ಅಷ್ಟೇ.

ಪತ್ರಿಕೆ ಹಿಂದೆ ಸರಿದ ಜಾಗ ಖಾಲಿ ಉಳಿಯಲಿಲ್ಲ, ಅದನ್ನು ಮೊಬೈಲು ತುಂಬಿತು. ಅದರಿಂದ ಏನಾಗಬಹುದೆಂಬುದನ್ನು ನಮ್ಮ ರಾಜ್ಯ 2018ರಲ್ಲಿ ಕಂಡಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯಿಂದ ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದ ಗೆಳೆಯರ ಮೇಲೆ ಹಲ್ಲೆಯಾಗಿ ಅವರಲ್ಲೊಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಆ ಸಂದೇಶಗಳನ್ನು ಮುಂದೆ ಕಳಿಸಿದವರೂ ತಮ್ಮ ಊರಿನ ಕಾಳಜಿಯಿಂದಲೇ ಕಳಿಸುತ್ತಿದ್ದೇವೆಂದು ಭಾವಿಸಿದ್ದಿರಬೇಕು. ಕಾಳಜಿ ಇದ್ದೂ ಪರಿಶೀಲನೆ ಇಲ್ಲದಿದ್ದರೆ ಹೀಗಾಗುತ್ತದೆ. ನಮ್ಮ ಕಡೆಯೂ ಮಳೆಗಾಲವೊಂದರಲ್ಲಿ ಬೇರೆಲ್ಲಿಯದೋ ಗುಡ್ಡ ಕುಸಿತದ ದೃಶ್ಯ ನಮ್ಮ ಊರಿನ ಹೆಸರಿನಲ್ಲಿ ಹರಿದಾಡಿ, ಒಂದು ಸುದ್ದಿತಾಣದಲ್ಲಿಯೂ ಪ್ರಕಟವಾಗಿ, ಪರವೂರಿನಲ್ಲಿರುವ ಮಕ್ಕಳು ರಾತ್ರಿಯಿಡೀ ಫೋನ್ ಮಾಡಿದರು. ಊರಿನ ಒಬ್ಬರಿಗೆ ಒಂದು ಕರೆ ಮಾಡಿ ಕೇಳಿದ್ದರೆ ಅದು ನಿಲ್ಲುತ್ತಿತ್ತು. ಕೇಳಲು ಆ ಸುದ್ದಿತಾಣದವರಲ್ಲಿ ಊರಿನ ಯಾರ ಹೆಸರೂ ಇರಲಿಲ್ಲ. ಹಳೆಯ ಸಂಬಂಧ ಕಡಿದುಹೋದದ್ದರ ನೇರ ಪರಿಣಾಮವಿದು.

ಜನರಿಂದ ಬರೆಯಿಸುವುದು ಕನ್ನಡಕ್ಕೆ ಹೊಸತೇನೂ ಅಲ್ಲ, ಅದರ ಅತ್ಯುತ್ತಮ ಉದಾಹರಣೆ ನಮ್ಮ ಪಕ್ಕದ ಪುತ್ತೂರಿನಲ್ಲೇ ಇದೆ. 1988ರಲ್ಲಿ ಅಲ್ಲಿಂದ ಹೊರಟ 'ಅಡಿಕೆ ಪತ್ರಿಕೆ'ಯನ್ನು ಬರೆಯುವವರೂ ಸಂಪಾದಿಸುವವರೂ ಬಹುಮಟ್ಟಿಗೆ ಕೃಷಿಕರೇ. 'ಕೃಷಿಕರ ಕೈಗೆ ಲೇಖನಿ' ಎಂಬುದು ಅವರು ಇಟ್ಟುಕೊಂಡ ಧ್ಯೇಯ. ಅದೇ ಹೆಸರಿನಲ್ಲಿ ಕೃಷಿಕರಿಗೆ ಬರವಣಿಗೆಯ ಶಿಬಿರಗಳನ್ನು ನಡೆಸಿ, ತೋಟದಲ್ಲಿ ತಾವು ಕಂಡದ್ದನ್ನು ಅಳತೆ, ಖರ್ಚು, ಸೋಲು ಎಲ್ಲವನ್ನೂ ಸೇರಿಸಿ ಬರೆಯುವುದು ಹೇಗೆಂದು ಅವರು ಹೇಳಿಕೊಟ್ಟರು. ಆ ಪತ್ರಿಕೆಯ ಮುಖ್ಯ ಶಕ್ತಿಯಾದ ಶ್ರೀ ಪಡ್ರೆಯವರು ಗಡಿನಾಡಿನ ಪಡ್ರೆ ಗ್ರಾಮದ ಕೃಷಿಕರು. ಮಳೆಕೊಯ್ಲು, ಹಲಸು ಮೊದಲಾದ ವಿಷಯಗಳನ್ನು ಅವರು ಮತ್ತು ಅವರ ಬಳಗ ವರ್ಷಗಟ್ಟಲೆ ಹಿಡಿದುಕೊಂಡು ಬರೆದದ್ದರಿಂದಲೇ, ಮರದಡಿ ಕೊಳೆಯುತ್ತಿದ್ದ ಹಲಸಿನ ಹಣ್ಣಿಗೆ ಮೇಳಗಳೂ ಮಾರುಕಟ್ಟೆಯೂ ಹುಟ್ಟಿಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ.

'ಅಡಿಕೆ ಪತ್ರಿಕೆ'ಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಒಂದು ಪದ್ಧತಿಯಿದೆ: ಲೇಖನದ ಕೊನೆಗೆ ಅದರಲ್ಲಿ ಬಂದ ಕೃಷಿಕರ ದೂರವಾಣಿ ಸಂಖ್ಯೆಯನ್ನು ಕೊಡುವುದು. ಓದುಗ ನೇರವಾಗಿ ಅವರಿಗೇ ಫೋನ್ ಮಾಡಿ ಕೇಳಬಹುದು. ಬರೆದವರು ಉತ್ಪ್ರೇಕ್ಷೆ ಮಾಡಿದ್ದರೆ ಮರುದಿನವೇ ಗೊತ್ತಾಗಿಬಿಡುತ್ತದೆ. ಓದುಗನನ್ನೇ ಪರಿಶೀಲಕನನ್ನಾಗಿ ಮಾಡುವ ಇಷ್ಟು ಸರಳವಾದ, ಇಷ್ಟು ಕಠಿಣವಾದ ಪದ್ಧತಿಯನ್ನು ದೊಡ್ಡ ಪತ್ರಿಕೆಗಳು ಏಕೆ ಅನುಸರಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಊರಿನವರು ಬರೆದದ್ದನ್ನು ದೊಡ್ಡವರು ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಅದೇ ಪಡ್ರೆ ಗ್ರಾಮ ಸಾಕ್ಷಿ. ಅದು ಸೇರಿರುವ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತ್‌ನ ಗುಡ್ಡಗಳ ಮೇಲಿದ್ದ ಸರ್ಕಾರಿ ನಿಗಮದ ಗೇರುತೋಟಗಳಿಗೆ 1970ರ ದಶಕದ ನಡುವಿನಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಗುಡ್ಡದ ಕೆಳಗೆ ಮನೆಗಳು, ಬಾವಿಗಳು, ತೆರೆದ ತೋಡುಗಳು. ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವುದನ್ನು ಗಮನಿಸಿ ಶ್ರೀ ಪಡ್ರೆಯವರು 1979ರಲ್ಲಿಯೇ ಬರೆದರು. ಆಮೇಲೆ ಮನುಷ್ಯರ ಮಕ್ಕಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ ಕಾಣಿಸಿಕೊಂಡಿತು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ಟು, ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟೊಂದು ಕಾಯಿಲೆ ಸಹಜವಲ್ಲವೆಂದು ಬರೆದರು. ಪೆರಿಯದ ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ವಿಷವನ್ನು ತಡೆದದ್ದು 2011ರ ಮೇ 13ರಂದು. ಕರುಗಳ ಬಗ್ಗೆ ಬರೆದ ದಿನದಿಂದ ಅಲ್ಲಿಯವರೆಗೆ ಮೂವತ್ತೆರಡು ವರ್ಷ. ಇಂಥದೇ ಸಿಂಪಡಣೆ ನಡೆದಿದ್ದ ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಗಳ ಮನೆಗಳಲ್ಲಿ ಇಂದಿಗೂ ಹಾಸಿಗೆಯಲ್ಲಿಯೇ ಇರುವ ಮಕ್ಕಳನ್ನು ನೋಡಿ ಬಂದವರಿಗೆ ಆ ಮೂವತ್ತೆರಡು ವರ್ಷಗಳ ಭಾರ ತಿಳಿಯುತ್ತದೆ.

ಈ ಕಥೆಯಲ್ಲಿ ಊರಿನವರು, ವೈದ್ಯರು, ಸ್ಥಳೀಯ ಪತ್ರಿಕೆಗಳು, ರಾಜ್ಯಮಟ್ಟದ ಪತ್ರಿಕೆಗಳು, ನ್ಯಾಯಾಲಯ ಎಲ್ಲರೂ ಕೊನೆಗೆ ಒಂದು ಸರಪಣಿಯಾದರು. ಆದರೆ ಒಂದೊಂದು ಕೊಂಡಿ ಸೇರಲೂ ವರ್ಷಗಳು ಹಿಡಿದವು. ಕರುವಿನ ಕಾಲನ್ನು ಮೊದಲು ನೋಡಿದವನು ಕೊಟ್ಟಿಗೆಯ ಯಜಮಾನ, ಯಾವ ವಿಜ್ಞಾನಿಯೂ ಅಲ್ಲ. ಅವನ ಮಾತು ಒಂದು ವಾರದೊಳಗೆ ಪರಿಣತರ ಮುಂದೆ ಪ್ರಶ್ನೆಯಾಗಿ ನಿಲ್ಲುವಂತೆ ಮಾಡಬಲ್ಲದ್ದು ಪತ್ರಿಕೆಯೊಂದೇ. ಇಂದು ಸಂಪಾಜೆ, ಅರಂತೋಡು ಕಡೆಯ ಅಡಿಕೆಯ ಹಳದಿ ರೋಗದ ಬಗ್ಗೆ, ಇತ್ತೀಚೆಗೆ ಮಲೆನಾಡಿನಾದ್ಯಂತ ಹಬ್ಬಿದ ಎಲೆಚುಕ್ಕಿ ರೋಗದ ಬಗ್ಗೆ ಕೃಷಿಕರ ಡೈರಿಗಳಲ್ಲಿ ಎಷ್ಟೋ ವಿವರಗಳಿವೆ. ಅವನ್ನು ಕೇಳಿ ಪಡೆಯುವವರು ಬೇಕು.

ಮೊಬೈಲನ್ನು ನಾನು ದ್ವೇಷಿಸುತ್ತೇನೆಂದು ತಿಳಿಯಬೇಡಿ. ಅದೇ ವಾಟ್ಸ್‌ಆ್ಯಪ್ 2021ರ ಲಾಕ್‌ಡೌನಿನಲ್ಲಿ ಒಳ್ಳೆಯ ಕೆಲಸವನ್ನೂ ಮಾಡಿತು. ಬಾಳೆಕಾಯಿಗೆ ಬೆಲೆ ಬಿದ್ದು ಬೆಳೆದವರು ಕೈಚೆಲ್ಲಿ ಕುಳಿತಿದ್ದಾಗ, ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡುವ ವಿಧಾನವನ್ನು 'ಅಡಿಕೆ ಪತ್ರಿಕೆ'ಯ ಬಳಗದ ಪ್ರೋತ್ಸಾಹದಿಂದ ಗೃಹಿಣಿಯರು ಗುಂಪುಗಳಲ್ಲಿ ಹಂಚಿಕೊಂಡರು. ಬಾಳೆಕಾಯಿ ಹುಡಿಯನ್ನು ಕಿರಿದಾಗಿಸಿ 'ಬಾಕಾಹು' ಎಂಬ ಹೆಸರೂ ಹುಟ್ಟಿತು. ಒಬ್ಬರು ರೊಟ್ಟಿ ಮಾಡಿ ಚಿತ್ರ ಹಾಕಿದರೆ ಇನ್ನೊಬ್ಬರು ಹುಡಿ ಕಪ್ಪಾದದ್ದೇಕೆಂದು ಕೇಳುತ್ತಿದ್ದರು, ಮಾಡಿ ನೋಡಿದವರು ಉತ್ತರಿಸುತ್ತಿದ್ದರು. ಪ್ರಶ್ನೆ ಕೇಳಿ ತಿದ್ದುವ ಅನುಭವಿಗಳು ಮಧ್ಯದಲ್ಲಿದ್ದುದರಿಂದ ಆ ಸಂದೇಶಗಳು ವದಂತಿಯಾಗದೆ ತಿಳಿವಳಿಕೆಯಾದವು. 2018ರ ಸಂದೇಶಗಳಿಗೂ ಇವಕ್ಕೂ ನಾನು ಕಾಣುವ ವ್ಯತ್ಯಾಸ ಇದೊಂದೇ.

ಹಳ್ಳಿಯ ಜನರು ಬರೆಯಲಾರರು ಎನ್ನುವವರಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೆನಪಿಸಬೇಕು. ಬರೆಯಲಾಗದಿದ್ದರೆ ಮಾತನಾಡಬಹುದೆಂದು ಅಲ್ಲಿಯವರು ತೋರಿಸಿಕೊಟ್ಟರು. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳ ಒತ್ತಾಸೆಯಿಂದ, ಯುನೆಸ್ಕೋದ ನೆರವಿನಿಂದ ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಆರಂಭವಾದ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿಗೆ, ಅಂದರೆ ಊರಿನವರೇ ನಡೆಸುವ ರೇಡಿಯೊಗೆ, ಆಗ ರೇಡಿಯೊ ಪರವಾನಗಿ ಸಿಗುವಂತಿರಲಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದ್ದರೂ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಹಾಗಾಗಿ ಬೂದಿಕೋಟೆಯವರು ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ನೀರಿನ ಪೈಪ್ ಒಡೆದು ಊರಿಗೆ ನೀರಿಲ್ಲದಾಗ ಸ್ವಯಂಸೇವಕರು ಟೇಪ್ ರೆಕಾರ್ಡರ್ ಹಿಡಿದು ಹೋಗಿ ಜನರ ದೂರನ್ನೂ ಅಧಿಕಾರಿಗಳ ಭರವಸೆಯನ್ನೂ ಧ್ವನಿಮುದ್ರಿಸಿ ಊರಿಗೇ ಕೇಳಿಸಿದರು, ಪೈಪ್ ದುರಸ್ತಿಯಾಯಿತು. ಎರಡೂ ಧ್ವನಿಗಳನ್ನು ಕೇಳಿಸಿದರು ಎಂಬುದನ್ನು ಗಮನಿಸಬೇಕು. ಅವರಿಗೆ ಆ ಶಿಸ್ತನ್ನು ಯಾರೋ ಕಲಿಸಿದ್ದರು.

ಸರಗೂರಿನ 'ಜನಧ್ವನಿ', ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಾನುಲಿ ಮೊದಲಾದವು ನಮ್ಮಲ್ಲಿ ಈ ಪರಂಪರೆಯನ್ನು ಮುಂದುವರಿಸಿವೆ. ಪಕ್ಕದ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ 2008ರಿಂದ 'ಸಂಘಂ ರೇಡಿಯೊ'ವನ್ನು ದಲಿತ ಮಹಿಳೆಯರೇ ನಡೆಸಿಕೊಂಡು ಬಂದಿದ್ದಾರೆ. ಆದರೆ ಸಮುದಾಯ ಬಾನುಲಿಗಳಿಗೆ ಸ್ವಂತ ಸುದ್ದಿ ಪ್ರಸಾರ ಮಾಡಲು ನಮ್ಮ ದೇಶದ ನೀತಿ ಅವಕಾಶ ಕೊಟ್ಟಿಲ್ಲ. ಬಿತ್ತನೆ, ಆರೋಗ್ಯ, ಹಾಡು, ಹವಾಮಾನ ಹೇಳಬಹುದು. ನಿನ್ನೆಯ ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದವರಿಗೆ ಏನು ಉತ್ತರ ಸಿಕ್ಕಿತೆಂಬುದನ್ನು ಸುದ್ದಿಯಾಗಿ ಹೇಳುವಂತಿಲ್ಲ. ಈ ನಿರ್ಬಂಧ ತಪ್ಪೆಂದು ನಾನು ನಂಬಿದ್ದೇನೆ. ಅದು ಇರುವವರೆಗೆ ಆ ಕೆಲಸ ಪತ್ರಿಕೆಗಳ ಮೇಲೆಯೇ ಬೀಳುತ್ತದೆ ಎಂಬುದು ನನ್ನ ವಾದಕ್ಕೆ ಇನ್ನೊಂದು ಕಾರಣ.

ಹೊರರಾಜ್ಯಗಳ ಎರಡು ಪ್ರಯತ್ನಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಛತ್ತೀಸ್‌ಗಢದ ಆದಿವಾಸಿಗಳ ನಡುವೆ 2010ರಲ್ಲಿ ಶುಭ್ರಾಂಶು ಚೌಧರಿಯವರು ಆರಂಭಿಸಿದ 'ಸಿಜಿನೆಟ್ ಸ್ವರ'ದಲ್ಲಿ ಓದುಬರಹ ಬಾರದವರೂ ಒಂದು ಫೋನ್ ಕರೆ ಮಾಡಿ ತಮ್ಮ ಸುದ್ದಿಯನ್ನು ಹೇಳಬಹುದಾಗಿತ್ತು. ಆ ಕರೆಗಳು ಬಂದು ಸೇರುತ್ತಿದ್ದದ್ದು ನಮ್ಮ ಬೆಂಗಳೂರಿನ 080 ಸಂಖ್ಯೆಗೆ. ಬಂದ ಮಾತುಗಳನ್ನು ಪರಿಶೀಲಿಸಿದ ನಂತರವೇ ಎಲ್ಲರಿಗೂ ಕೇಳಿಸುತ್ತಿದ್ದರು, ಮತ್ತು ಸುದ್ದಿ ಹೇಳಿದವರು ಸಂಬಂಧಪಟ್ಟ ಅಧಿಕಾರಿಯ ದೂರವಾಣಿ ಸಂಖ್ಯೆಯನ್ನು ಕೊಟ್ಟು, ಕೇಳುಗರು ಅವರಿಗೆ ಫೋನ್ ಮಾಡಿ ವಿಚಾರಿಸಬೇಕೆಂದು ಕೋರುತ್ತಿದ್ದರು. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹುಟ್ಟಿದ 'ಖಬರ್ ಲಹರಿಯಾ'ವನ್ನು ಗ್ರಾಮೀಣ ಮಹಿಳೆಯರೇ ಬುಂದೇಲಿ ನುಡಿಯಲ್ಲಿ ಬರೆದು, ಮುದ್ರಿಸಿ, ಹಳ್ಳಿಹಳ್ಳಿಗೆ ಹೊತ್ತು ಮಾರಿದರು. ಠಾಣೆಯ ಮುಂದೆ ನಿಂತು ಪ್ರಶ್ನೆ ಕೇಳುವ ಹೆಂಗಸರನ್ನು ಆ ಸೀಮೆ ಅದುವರೆಗೆ ಕಂಡಿರಲಿಲ್ಲ.

ಹೆಂಗಸರ ಮಾತು ಬಂದದ್ದರಿಂದ ಒಂದು ಎಚ್ಚರವನ್ನು ಹೇಳಲೇಬೇಕು. ಊರಿನವರಿಗೆ ಜಾಗ ಕೊಡಿ ಎಂದರೆ, ಯಾರ ಸ್ವರ ಈಗಾಗಲೇ ದೊಡ್ಡದಿದೆಯೋ ಅವರು ಮೊದಲು ಬಂದು ಕುಳಿತುಬಿಡುತ್ತಾರೆ: ತೋಟ ಇರುವವರು, ಸಹಕಾರಿ ಸಂಘದ ನಿರ್ದೇಶಕರು, ನನ್ನಂಥ ನಿವೃತ್ತ ಶಿಕ್ಷಕರು. ಕಾಲೊನಿಯವರು, ಬೀಡಿ ಕಟ್ಟುವವರು, ಎಸ್ಟೇಟಿನ ರಬ್ಬರ್ ಟ್ಯಾಪಿಂಗ್ ಕೆಲಸದವರು ತಾವಾಗಿ ಬರುವುದಿಲ್ಲ, ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ನನ್ನ ಹದಿನಾಲ್ಕು ವರ್ಷಗಳ ವರದಿಗಳನ್ನು ಈಗ ತಿರುವಿ ನೋಡಿದರೆ ಅವುಗಳಲ್ಲಿ ಹೆಂಗಸರ ಹೇಳಿಕೆಗಳು ಬೆರಳೆಣಿಕೆಯಷ್ಟೂ ಇಲ್ಲ. ಆಗ ನನಗೆ ಅದು ತಪ್ಪೆಂದು ತೋರಿರಲೇ ಇಲ್ಲ. ಊರಿನ ಪ್ರತಿ ಮನೆಯ ಒಳಹೊರಗು ಬಲ್ಲ ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಕ್ಕಳು ನನಗಿಂತ ಎಷ್ಟೋ ಉತ್ತಮ ವರದಿಗಾರರಾಗಬಲ್ಲರು.

ಇನ್ನೊಂದು ಎಚ್ಚರ ಅಪಾಯದ್ದು. ಹೊಳೆಯಿಂದ ರಾತ್ರಿ ಮರಳು ಸಾಗುವುದನ್ನು ಬರೆದವನು ಮರುದಿನ ಅದೇ ಹೊಳೆಯ ದಾರಿಯಲ್ಲಿ ಒಬ್ಬನೇ ಮನೆಗೆ ಹೋಗಬೇಕು. ಅವನಿಗೆ ಗುರುತುಚೀಟಿಯಿಲ್ಲ, ಹಿಂದೆ ಸಂಘವಿಲ್ಲ. ಮೊಕದ್ದಮೆ ಹಾಕುತ್ತೇವೆಂದು ಒಂದು ನೋಟಿಸ್ ಬಂದರೆ ವಕೀಲರಿಗೆ ಕೊಡಲು ಹಣವಿಲ್ಲ. ಆದ್ದರಿಂದ ಜನರಿಂದ ಬರೆಯಿಸುವ ಪತ್ರಿಕೆ ಅವರ ಹಿಂದೆ ನಿಲ್ಲುವ ಹೊಣೆಯನ್ನೂ ಹೊರಬೇಕು. ಕೆಲವು ಸುದ್ದಿಗಳಲ್ಲಿ ಬರೆದವರ ಹೆಸರನ್ನು ಸಂಪಾದಕರು ಮಾತ್ರ ತಿಳಿದಿದ್ದು ಗುಟ್ಟಾಗಿಡಬೇಕು, ಇನ್ನು ಕೆಲವನ್ನು ಪತ್ರಿಕೆಯ ಸ್ವಂತ ವರದಿಗಾರರೇ ಹೋಗಿ ಮಾಡಬೇಕು. ಎಲ್ಲವನ್ನೂ ನಾಗರಿಕರ ತಲೆಗೆ ಕಟ್ಟಿ ವರದಿಗಾರರ ಸಂಖ್ಯೆಯನ್ನು ಕಡಿಮೆ ಮಾಡಲು ಈ ಏರ್ಪಾಡನ್ನು ಬಳಸಿಕೊಂಡರೆ ಅದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ. ಊರಿನ ಬರಹಗಾರರು ಬಂದಂತೆ ತಾಲೂಕು ವರದಿಗಾರರ ಕೆಲಸ ಹೆಚ್ಚುತ್ತದೆ. ಅವರ ಸಂಬಳವೂ ಹೆಚ್ಚಬೇಕು.

ಸಂಪಾದಕರೇ, ಊರಿನವರು ಬರೆದರೆ ಪಕ್ಷಪಾತ ಬರುತ್ತದೆಂದು ನೀವು ಹೇಳಬಹುದು. ಬರುತ್ತದೆ. ಪಂಚಾಯತ್ ಸದಸ್ಯರ ಭಾವನೇ ಪಂಚಾಯತ್ ಬಗ್ಗೆ ಬರೆಯುವ ಸಂದರ್ಭ ಸಣ್ಣ ಊರಿನಲ್ಲಿ ಸಾಮಾನ್ಯ. ಬರೆಯುವವರು ತಮ್ಮ ಸಂಬಂಧವನ್ನು ಮೊದಲೇ ತಿಳಿಸಬೇಕು, ಅಗತ್ಯವಿದ್ದಲ್ಲಿ ಅದನ್ನು ಪ್ರಕಟಿಸಬೇಕು, ತಪ್ಪಾದಾಗ ಅದೇ ಪುಟದ ಅದೇ ಜಾಗದಲ್ಲಿ ತಿದ್ದುಪಡಿ ಬರಬೇಕು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ತಿದ್ದುಪಡಿಯನ್ನು ಊರಿನವರು ಕ್ಷಮಿಸುವುದಿಲ್ಲ, ಏಕೆಂದರೆ ಯಾರ ಹೆಸರು ತಪ್ಪಾಗಿ ಬಂದಿತೋ ಅವರನ್ನು ಎಲ್ಲರೂ ದಿನಾ ನೋಡುತ್ತಿರುತ್ತಾರೆ. ರಾಜಧಾನಿಯ ಪತ್ರಕರ್ತನಿಗಿಲ್ಲದ ಈ ಭಯ ಊರಿನ ಬರಹಗಾರನಿಗೆ ಇರುತ್ತದೆ, ಮತ್ತು ಅದು ಒಳ್ಳೆಯ ಭಯ.

ತಾಲೂಕು, ಜಿಲ್ಲಾ ಮಟ್ಟದ ಪತ್ರಿಕೆಗಳು ಬದುಕಿವೆ ಎಂಬುದನ್ನೂ ನೀವು ಬಲ್ಲಿರಿ. ನಮ್ಮ ಭಾಗದಲ್ಲಿ 'ಸುದ್ದಿ ಬಿಡುಗಡೆ', ಕೊಡಗಿನಲ್ಲಿ 'ಶಕ್ತಿ', ಮೈಸೂರು ಕಡೆ ರಾಜಶೇಖರ ಕೋಟಿಯವರು ಕಟ್ಟಿದ 'ಆಂದೋಲನ' ಮನೆಮನೆಯಲ್ಲಿ ಓದಿಸಿಕೊಂಡದ್ದು ಬೇರೆಲ್ಲೂ ಸಿಗದ ಊರಸುದ್ದಿ ಅವುಗಳಲ್ಲಿ ಸಿಗುತ್ತಿದ್ದುದರಿಂದ. ರಾಜ್ಯಮಟ್ಟದ ಪತ್ರಿಕೆಯಾಗಿ ನೀವು ಅವುಗಳ ಜೊತೆ ಸ್ಪರ್ಧೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಊರಿನ ಸಂಗತಿ ವಿಧಾನಸೌಧದವರೆಗೆ ಮುಟ್ಟಬೇಕಾದಾಗ ನಿಮ್ಮ ಪುಟವೇ ಬೇಕಾಗುತ್ತದೆ.

ನನ್ನ ಕೋರಿಕೆ ದೊಡ್ಡದಲ್ಲ. ಜಿಲ್ಲೆಯ ಆವೃತ್ತಿಯಲ್ಲಿ ವಾರಕ್ಕೊಮ್ಮೆ ಅರ್ಧ ಪುಟ ಊರಿನವರು ಬರೆದದ್ದಕ್ಕೆ ಮೀಸಲಾಗಲಿ. ಬರೆದವರ ಹೆಸರಿರಲಿ, ಸಣ್ಣದಾದರೂ ಸಂಭಾವನೆಯಿರಲಿ. ಕಚೇರಿಯಲ್ಲಿ ಒಬ್ಬ ಉಪಸಂಪಾದಕರಿಗೆ ಇದೇ ಕೆಲಸವಾಗಿರಲಿ, ಪ್ರಕಟಿಸದ ಬರಹಕ್ಕೂ ಕಾರಣ ತಿಳಿಸುವ ಎರಡು ಸಾಲಿನ ಉತ್ತರ ಅವರಿಂದ ಹೋಗಲಿ. ಆರು ತಿಂಗಳಿಗೊಮ್ಮೆ ತಾಲೂಕಿನಲ್ಲಿ ಒಂದು ಮಧ್ಯಾಹ್ನ ನಿಮ್ಮವರು ಬಂದು ಬರೆಯುವವರೊಂದಿಗೆ ಕುಳಿತುಕೊಳ್ಳಲಿ.

ಇದು ಆಗದ ಕೆಲಸವೆಂದು ನಿಮಗೆ ಅನ್ನಿಸಬಾರದೆಂದು ನಮ್ಮ ಊರಿನ ಮಟ್ಟಿಗೆ ಸಿದ್ಧತೆಯನ್ನು ಮಾಡಿಯೇ ಈ ಪತ್ರ ಬರೆಯುತ್ತಿದ್ದೇನೆ. ಶನಿವಾರ ಮಧ್ಯಾಹ್ನ ಶಾಲೆಯ ಒಂದು ಕೊಠಡಿಯನ್ನು ಬಿಟ್ಟುಕೊಡಲು ಮುಖ್ಯ ಶಿಕ್ಷಕಿಯವರು ಒಪ್ಪಿದ್ದಾರೆ. ಹದಿನೇಳು ಮಂದಿ ಹೆಸರು ಕೊಟ್ಟಿದ್ದಾರೆ, ಅವರಲ್ಲಿ ಹತ್ತು ಮಂದಿ ಹೆಂಗಸರು. ಒಬ್ಬರು ಬೀಡಿ ಕಟ್ಟುತ್ತಾ ಮೂವತ್ತು ವರ್ಷಗಳ ಮಜೂರಿಯ ಚೀಟಿಗಳನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದನ್ನು ತರಬಹುದೇ ಎಂದು ಕೇಳಿದರು. ತನ್ನಿ ಎಂದಿದ್ದೇನೆ. ಮಧ್ಯಾಹ್ನ ಎರಡು ಗಂಟೆಗೆ ಪೇಟೆಯಿಂದ ನಮ್ಮ ಊರಿಗೆ ಬಸ್ಸಿದೆ, ಹಿಂದಿರುಗಲು ಆರೂಕಾಲರ ಬಸ್ಸು. ನಿಮ್ಮಲ್ಲಿಂದ ಯಾರು, ಯಾವ ಶನಿವಾರ ಬರುತ್ತಾರೆಂದು ತಿಳಿಸಿದರೆ ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ,
ಸುಳ್ಯ ತಾಲೂಕು, ದಕ್ಷಿಣ ಕನ್ನಡ